ಹಳ್ಳಿ ನರ್ಸ್‌ಗೆ 150 ಗಂಟೆ ಪಾಠ: ಕಲಿತದ್ದನ್ನು ಮಾಡಲು ಬಿಡುವವರು ಯಾರು?

ನರ್ಸಿಂಗ್ ಬಗ್ಗೆ ಈಚೆಗೆ ಬರುತ್ತಿರುವ ಸುದ್ದಿಗಳನ್ನು ಒಟ್ಟಿಗೆ ಓದಿದರೆ ಗೊಂದಲವೇ ಜಾಸ್ತಿ. 1947ರ ಕಾಯ್ದೆ ಹೋಗಿ ಹೊಸ ರಾಷ್ಟ್ರೀಯ ಆಯೋಗ ಬರುತ್ತದೆ ಎಂಬುದು ಒಂದು ಸುದ್ದಿ. ತರಬೇತಿಯ ಗಂಟೆ ತುಂಬದಿದ್ದರೆ ನೋಂದಣಿ ನವೀಕರಣ ಇಲ್ಲ ಎಂಬುದು ಇನ್ನೊಂದು. ಇವೆರಡರ ನಡುವೆ ‘ನರ್ಸ್ ಪ್ರಾಕ್ಟೀಷನರ್’, ಅಂದರೆ ಹೆಚ್ಚುವರಿ ಓದಿ ಹೆಚ್ಚಿನ ಹೊಣೆಗೆ ಸಿದ್ಧವಾದ ನರ್ಸ್, ಎಂಬ ಹೊಸ ಹೆಸರು. ಇದೆಲ್ಲ ವಾಟ್ಸ್‌ಆ್ಯಪ್ ಗ್ರೂಪಿಗೆ ಬರುವಷ್ಟರಲ್ಲಿ ‘ಇನ್ಮೇಲೆ ನರ್ಸ್‌ಗಳೇ ಔಷಧಿ ಬರೀತಾರಂತೆ’ ಎಂದಾಗಿರುತ್ತದೆ. ಹಾಗೇನೂ ಆಗಿಲ್ಲ.

ಬೆಳಗಾವಿ, ಬಾಗಲಕೋಟೆ, ವಿಜಯಪುರದವರಿಗೆ ಇದು ದೂರದ ವಿಷಯವಲ್ಲ. ಅಥಣಿಯ ತೋಟದ ವಸ್ತಿಯಲ್ಲಿ, ಇಂಡಿ ತಾಲ್ಲೂಕಿನ ತಾಂಡಾದಲ್ಲಿ, ಖಾನಾಪುರದ ಕಾಡಂಚಿನಲ್ಲಿ ಅಪರಾತ್ರಿ ಹೆರಿಗೆ ನೋವು ಬಂದರೆ ಮೊದಲ ಫೋನ್ ಹೋಗುವುದು ಡಾಕ್ಟರಿಗಲ್ಲ. ಆಶಾ ಕಾರ್ಯಕರ್ತೆಗೆ, ಇಲ್ಲವೇ ಸಿಸ್ಟರ್‌ಗೆ. ಆ ಸಿಸ್ಟರ್‌ಗೆ ಏನು ಗೊತ್ತಿದೆ, ಏನು ಮಾಡಲು ಅನುಮತಿ ಇದೆ, ಅವರ ಕೈಯಲ್ಲಿ ಯಾವ ಔಷಧಿ ಇದೆ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ಇನ್ನೊಂದು ಕಾರಣವೂ ಇದೆ. ಹಳ್ಳಿಯ ನರ್ಸ್‌ಗೆ ಏನು ಕಲಿಸಿದರೆ ಜೀವ ಉಳಿಯುತ್ತದೆ, ಯಾವ ತರಬೇತಿ ಸುಮ್ನೆ ವ್ಯರ್ಥವಾಗುತ್ತದೆ ಎಂಬುದಕ್ಕೆ ಜಗತ್ತು ಒಪ್ಪಿದ ಕೆಲವು ಗಟ್ಟಿ ಪುರಾವೆಗಳು ಸಿಕ್ಕಿದ್ದು ಇದೇ ಬೆಳಗಾವಿ, ಬಾಗಲಕೋಟೆಯ ಹಳ್ಳಿಗಳಲ್ಲಿ. ಈಗಿನ ಚರ್ಚೆಯಲ್ಲಿ ಅದರ ಪ್ರಸ್ತಾಪವೇ ಕಡಿಮೆ.

ಕಾಯ್ದೆಯಲ್ಲಿ ಇರುವುದೇನು?

ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ (ಹೆರಿಗೆ ಆರೈಕೆ) ಆಯೋಗ ಕಾಯ್ದೆಗೆ ಸಂಸತ್ತು ಒಪ್ಪಿಗೆ ಕೊಟ್ಟಿದ್ದು 2023ರ ಆಗಸ್ಟ್‌ನಲ್ಲಿ. ಇದು 1947ರ ಭಾರತೀಯ ನರ್ಸಿಂಗ್ ಪರಿಷತ್ ಕಾಯ್ದೆಯ ಜಾಗಕ್ಕೆ ಬರುತ್ತದೆ. ಆಯೋಗದ ಕೆಳಗೆ ಮೂರು ಮಂಡಳಿಗಳು. ಶಿಕ್ಷಣಕ್ಕೆ ಒಂದು, ಕಾಲೇಜುಗಳ ಗುಣಮಟ್ಟ ಅಳೆಯಲು ಒಂದು, ನೋಂದಣಿ ಮತ್ತು ವೃತ್ತಿ ನೀತಿಗೆ ಇನ್ನೊಂದು. ರಾಜ್ಯಗಳೂ ತಮ್ಮದೇ ಆಯೋಗ ರಚಿಸಬೇಕು.

ತರಬೇತಿ ಗಂಟೆಯ ನಿಯಮ ಮಾತ್ರ ಈ ಕಾಯ್ದೆಯಿಂದ ಹುಟ್ಟಿದ್ದಲ್ಲ. ಅದು ಹಳೆಯ ಪರಿಷತ್ತಿನದ್ದು. ಪ್ರತಿ 5 ವರ್ಷಕ್ಕೆ ನೋಂದಣಿ ನವೀಕರಿಸಬೇಕು, ಆ ಅವಧಿಯಲ್ಲಿ 150 ಗಂಟೆಯ ಮುಂದುವರಿದ ನರ್ಸಿಂಗ್ ಶಿಕ್ಷಣ ಪೂರೈಸಿರಬೇಕು. ಅಂದರೆ ವರ್ಷಕ್ಕೆ 30 ಗಂಟೆ.

ಇದು ಕಡಿಮೆಯೋ ಜಾಸ್ತಿಯೋ? ಹೋಲಿಸಿ ನೋಡಿ. ವೈದ್ಯರ ವೃತ್ತಿ ನಡತೆಯ 2002ರ ನಿಯಮಾವಳಿ ಡಾಕ್ಟರುಗಳಿಂದ ಕೇಳುವುದು 5 ವರ್ಷಕ್ಕೆ 30 ಗಂಟೆ. ನರ್ಸ್ ಒಂದು ವರ್ಷದಲ್ಲಿ ಮಾಡಬೇಕಾದ್ದನ್ನು ಡಾಕ್ಟರು ಐದು ವರ್ಷದಲ್ಲಿ ಮುಗಿಸಿದರೆ ಸಾಕು! ಬ್ರಿಟನ್ನಿನ ನರ್ಸ್‌ಗಳಿಗೆ 3 ವರ್ಷಕ್ಕೆ 35 ಗಂಟೆ ಕಲಿಕೆ ಇದ್ದರಾಯಿತು. ಆದರೆ ಅಲ್ಲಿ 450 ಗಂಟೆ ನಿಜವಾಗಿ ಕೆಲಸ ಮಾಡಿದ ದಾಖಲೆ ಬೇಕು. ಕಲಿತದ್ದರಿಂದ ತಮ್ಮ ಕೆಲಸದಲ್ಲಿ ಏನು ಬದಲಾಯಿತು ಎಂದು 5 ಟಿಪ್ಪಣಿ ಬರೆದುಕೊಡಬೇಕು. ಅಲ್ಲಿ ಗಂಟೆ ಕಡಿಮೆ, ಲೆಕ್ಕ ಕೇಳುವುದು ಜಾಸ್ತಿ. ನಮ್ಮಲ್ಲಿ ಗಂಟೆ ಜಾಸ್ತಿ. ಆ ಗಂಟೆಯಲ್ಲಿ ಏನಾಯಿತು ಎಂದು ಕೇಳುವವರು ಕಡಿಮೆ.

ಸಿಸ್ಟರ್ ಎಂದರೆ ಒಬ್ಬರಲ್ಲ

ಗೊಂದಲಕ್ಕೆ ಇನ್ನೊಂದು ಮೂಲ ಇಲ್ಲಿದೆ. ಬಿಳಿ ಕೋಟು ಹಾಕಿದ ಎಲ್ಲರನ್ನೂ ಊರವರು ಸಿಸ್ಟರ್ ಎನ್ನುತ್ತಾರೆ. ಕಾಗದದ ಮೇಲೆ ಅವರೆಲ್ಲ ಬೇರೆ ಬೇರೆ.

ಆಸ್ಪತ್ರೆಯ ವಾರ್ಡಿನಲ್ಲಿ ಇರುವವರು ಶುಶ್ರೂಷಾಧಿಕಾರಿ, ಅಂದರೆ ಹಿಂದಿನ ಸ್ಟಾಫ್ ನರ್ಸ್. ಉಪಕೇಂದ್ರದಲ್ಲಿ ಲಸಿಕೆ ಹಾಕುತ್ತಾ, ಗರ್ಭಿಣಿಯರ ಪಟ್ಟಿ ಇಟ್ಟುಕೊಂಡು ತಿರುಗುವವರು ಹಿಂದಿನ ಎಎನ್‌ಎಂ, ಈಗಿನ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ. ಅದೇ ಕಟ್ಟಡದಲ್ಲಿ ಈಚೆಗೆ ಬಂದು ಕೂತವರು ಸಮುದಾಯ ಆರೋಗ್ಯ ಅಧಿಕಾರಿ, ಊರಲ್ಲಿ ‘ಸಿಎಚ್‌ಒ ಮೇಡಂ’. ನಾಲ್ಕನೆಯವರು ನರ್ಸ್ ಪ್ರಾಕ್ಟೀಷನರ್. ಇವರ ಹೆಸರು ಸುದ್ದಿಯಲ್ಲಿದೆ, ಊರಲ್ಲಿ ಇವರು ಕಾಣಿಸುವುದಿಲ್ಲ.

ಸಿಎಚ್‌ಒ ಹುದ್ದೆ ಬಂದದ್ದು ಆಯುಷ್ಮಾನ್ ಭಾರತ್ ಯೋಜನೆಯ ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳ ಜೊತೆ. ಮೊದಲ ಕೇಂದ್ರ ಶುರುವಾಗಿದ್ದು 2018ರ ಏಪ್ರಿಲ್ 14ರಂದು, ಬಿಜಾಪುರ ಜಿಲ್ಲೆಯ ಜಾಂಗ್ಲಾದಲ್ಲಿ. ನಮ್ಮ ಬಿಜಾಪುರವಲ್ಲ, ಛತ್ತೀಸಗಡದ್ದು. ನಮ್ಮದು ಅಷ್ಟರಲ್ಲಿ ವಿಜಯಪುರ ಆಗಿತ್ತು. 2023ರ ಕೊನೆಯಲ್ಲಿ ಈ ಕೇಂದ್ರಗಳಿಗೆ ಆಯುಷ್ಮಾನ್ ಆರೋಗ್ಯ ಮಂದಿರ ಎಂದು ಮರುನಾಮಕರಣವಾಯಿತು.

ಬಯಲು ಸೀಮೆಯಲ್ಲಿ 5,000 ಜನಕ್ಕೆ ಒಂದು ಉಪಕೇಂದ್ರ ಎಂಬುದು ಲೆಕ್ಕ. ಗುಡ್ಡಗಾಡಿನಲ್ಲಿ 3,000ಕ್ಕೆ ಒಂದು. ಮೇಲ್ದರ್ಜೆಗೇರಿದ ಉಪಕೇಂದ್ರದಲ್ಲಿ 105 ಬಗೆಯ ಔಷಧಿ, 14 ಬಗೆಯ ಪರೀಕ್ಷೆ ಇರಬೇಕು ಎಂದು ಕೇಂದ್ರದ ಪಟ್ಟಿ ಹೇಳುತ್ತದೆ. ಸಿಎಚ್‌ಒ ಬಿಪಿ, ಶುಗರ್ ನೋಡಬೇಕು. ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ಲಕ್ಷಣ ಹುಡುಕಬೇಕು. ಮಾನಸಿಕ ಆರೋಗ್ಯ, ವೃದ್ಧರ ಆರೈಕೆ ಎಲ್ಲ ಅವರದ್ದೇ. ಕರ್ನಾಟಕದಲ್ಲಿ ಇವರಲ್ಲಿ ಹೆಚ್ಚಿನವರು ಬಿ.ಎಸ್‌ಸಿ ನರ್ಸಿಂಗ್ ಓದಿದವರು. ಕೆಲಸ ಗುತ್ತಿಗೆಯದ್ದು.

ನರ್ಸ್ ಪ್ರಾಕ್ಟೀಷನರ್ ಕಥೆ ಬೇರೆ. ತೀವ್ರ ನಿಗಾ ಘಟಕಕ್ಕೆಂದು 2 ವರ್ಷದ ಸ್ನಾತಕೋತ್ತರ ಕೋರ್ಸನ್ನು ಪರಿಷತ್ತು ತಂದಿದೆ. ಹೆರಿಗೆಗೆಂದು 18 ತಿಂಗಳ ತರಬೇತಿಯ ಮಾರ್ಗಸೂಚಿ 2018ರಲ್ಲಿ ಬಂತು. ಪಕ್ಕದ ತೆಲಂಗಾಣ ಅದಕ್ಕೂ ಒಂದು ವರ್ಷ ಮುಂಚೆ ಇಂಥ ಮಿಡ್‌ವೈಫರಿ ತರಬೇತಿ ಶುರು ಮಾಡಿತ್ತು. ತೊಡಕು ಇರುವುದು ಓದು ಮುಗಿದ ಮೇಲೆ. ಪದವಿ ಸಿಗುತ್ತದೆ. ಆ ಪದವಿಗೆ ತಕ್ಕ ಪ್ರತ್ಯೇಕ ಹುದ್ದೆ, ಸಂಬಳದ ಶ್ರೇಣಿ, ಕಾನೂನಿನ ಅಧಿಕಾರ ಬಹುತೇಕ ಕಡೆ ಸಿಗುವುದಿಲ್ಲ. ಎರಡು ವರ್ಷ ಹೆಚ್ಚು ಓದಿದವರು ಮತ್ತೆ ಅದೇ ಡ್ಯೂಟಿ ಚಾರ್ಟಿಗೆ ಬರುತ್ತಾರೆ.

ಔಷಧಿ ಬರೆಯುವ ಜಗಳ

ಎಚ್ ಷೆಡ್ಯೂಲಿನ, ಅಂದರೆ ಚೀಟಿ ಇಲ್ಲದೆ ಮಾರಬಾರದ ಔಷಧಿಗಳನ್ನು ನೋಂದಾಯಿತ ವೈದ್ಯರು ಮಾತ್ರ ಬರೆಯಬಹುದು. ಹಾಗಾಗಿ ಸಿಎಚ್‌ಒ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಹೊಸದಾಗಿ ಶುರು ಮಾಡುವಂತಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ (ಪಿಎಚ್‌ಸಿ) ಡಾಕ್ಟರು ಬರೆದದ್ದನ್ನು ತಿಂಗಳು ತಿಂಗಳು ಕೊಡಬಹುದು. ಅನುಮಾನ ಬಂದರೆ ಸರ್ಕಾರದ ಆನ್‌ಲೈನ್ ವೈದ್ಯ ಸೇವೆ ಇ-ಸಂಜೀವಿನಿಯಲ್ಲಿ ವಿಡಿಯೊ ಕರೆ ಮಾಡಿ ಡಾಕ್ಟರನ್ನು ಕೇಳಬಹುದು.

2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 32ನೇ ಕಲಂ ಈ ಗೋಡೆಯಲ್ಲಿ ಒಂದು ಸಣ್ಣ ಬಾಗಿಲು ಇಟ್ಟಿತು. ‘ಸಮುದಾಯ ಆರೋಗ್ಯ ಸೇವಾದಾರ’ರಿಗೆ ಮಿತವಾದ ಪರವಾನಗಿ ಕೊಡಬಹುದು. ಪ್ರಾಥಮಿಕ ಮತ್ತು ರೋಗ ತಡೆಯ ಆರೈಕೆಯಲ್ಲಿ ಗೊತ್ತುಪಡಿಸಿದ ಔಷಧಿಗಳನ್ನು ಅವರೇ ಬರೆಯಬಹುದು. ಅದರಾಚೆ ಏನಿದ್ದರೂ ವೈದ್ಯರ ಮೇಲ್ವಿಚಾರಣೆ ಬೇಕು. ಭಾರತೀಯ ವೈದ್ಯಕೀಯ ಸಂಘ ಇದನ್ನು ಕಟುವಾಗಿ ವಿರೋಧಿಸಿತು. 2019ರ ಜುಲೈ 31ರಂದು ದೇಶದಾದ್ಯಂತ ಡಾಕ್ಟರುಗಳು ಮುಷ್ಕರ ಮಾಡಿದರು.

ಡಾಕ್ಟರುಗಳ ವಾದವನ್ನು ಬರೀ ಹೊಟ್ಟೆಕಿಚ್ಚು ಎಂದು ತಳ್ಳಿಹಾಕುವಂತಿಲ್ಲ. ಪಟ್ಟಣದವರಿಗೆ ಎಂಬಿಬಿಎಸ್, ಹಳ್ಳಿಯವರಿಗೆ ಅರ್ಧ ಕಲಿತವರು ಎಂಬ ಎರಡು ದರ್ಜೆಯ ವ್ಯವಸ್ಥೆ ಬರುತ್ತದೆ ಎನ್ನುತ್ತಾರೆ ಅವರು. ಆ್ಯಂಟಿಬಯಾಟಿಕ್ ಬಳಕೆ ಹೇಗಿದ್ದರೂ ಮಿತಿ ಮೀರಿದೆ, ಬರೆಯುವ ಕೈಗಳು ಹೆಚ್ಚಿದರೆ ಇನ್ನೂ ಕೆಡುತ್ತದೆ ಎಂಬುದೂ ಸುಳ್ಳಲ್ಲ.

ನರ್ಸ್‌ಗಳ ಮಾತೂ ಅಷ್ಟೇ ನೇರ. ಡಾಕ್ಟರು ಇಲ್ಲದ ರಾತ್ರಿ ಹೆರಿಗೆ ಮಾಡಿಸುವವರು ಯಾರು? ಅವರೇ. ಫೋನಿನಲ್ಲಿ ಕೇಳಿ ಇಂಜೆಕ್ಷನ್ ಕೊಡುವವರು, ಬೆಳಿಗ್ಗೆ ಸಹಿ ಹಾಕಿಸಿಕೊಳ್ಳುವವರು ಅವರೇ. ಎಲ್ಲ ಸರಿಹೋದರೆ ಹೆಸರು ಬೇರೆಯವರಿಗೆ. ಎಡವಟ್ಟಾದರೆ ನೋಟಿಸು ಇವರಿಗೆ. ಮಾಡುತ್ತಿರುವ ಕೆಲಸಕ್ಕೇ ಕಾನೂನಿನ ರಕ್ಷಣೆ ಕೊಡಿ ಎಂಬುದು ಬೇಡಿಕೆ.

ಎರಡೂ ಕಡೆಯವರು ಹುದ್ದೆಯ ಹೆಸರು ಹಿಡಿದು ಜಗ್ಗಾಡುತ್ತಿದ್ದಾರೆ. ಪ್ರಶ್ನೆಯನ್ನು ಬೇರೆ ಥರ ಕೇಳಬೇಕು. ಯಾವ ಒಂದು ಕೆಲಸವನ್ನು, ಯಾವ ಜಾಗದಲ್ಲಿ, ಯಾವ ಔಷಧಿ ಕೊಟ್ಟು, ಯಾರಿಗೆ ಕಲಿಸಿದರೆ ಲಾಭ? ಇದಕ್ಕೆ ಉತ್ತರ ಇಲ್ಲೇ ಸಿಕ್ಕಿದೆ.

ಬೆಳಗಾವಿಯ ಮಾತ್ರೆ, ಬೆಳಗಾವಿಯ ಪ್ಲಾಸ್ಟಿಕ್ ಹಾಳೆ

ಹೆರಿಗೆಯ ನಂತರದ ರಕ್ತಸ್ರಾವ ತಾಯಂದಿರ ಸಾವಿಗೆ ದೊಡ್ಡ ಕಾರಣ. ಅದನ್ನು ತಡೆಯಲು ಆಸ್ಪತ್ರೆಯಲ್ಲಿ ಆಕ್ಸಿಟೋಸಿನ್ ಇಂಜೆಕ್ಷನ್ ಕೊಡುತ್ತಾರೆ. ಅದನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ಏಪ್ರಿಲ್ ತಿಂಗಳ ಲೋಡ್‌ಶೆಡ್ಡಿಂಗ್‌ನಲ್ಲಿ ಉಪಕೇಂದ್ರದ ಫ್ರಿಜ್ ನೆಚ್ಚಿಕೊಂಡು ಕೂರುವುದು ಹೇಗೆ?

ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ತಂಡ ಅಮೆರಿಕದ ಸಂಶೋಧಕರ ಜೊತೆ ಸೇರಿ 2002ರಿಂದ 2005ರವರೆಗೆ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಪ್ರಯೋಗ ನಡೆಸಿತು. ಮಿಸೊಪ್ರೊಸ್ಟಾಲ್ ಎಂಬ ಮಾತ್ರೆಗೆ ಫ್ರಿಜ್ ಬೇಡ, ಸೂಜಿ ಬೇಡ. ಅದನ್ನು ಕೊಟ್ಟವರು ಡಾಕ್ಟರುಗಳಲ್ಲ, ಎಎನ್‌ಎಂಗಳು. ಮನೆಯಲ್ಲಿ, ಉಪಕೇಂದ್ರದಲ್ಲಿ ಹೆರಿಗೆಯಾದ 1,620 ತಾಯಂದಿರು ಇದರಲ್ಲಿದ್ದರು. ಅರ್ಧದಷ್ಟು ಜನಕ್ಕೆ ನಿಜವಾದ ಮಾತ್ರೆ, ಉಳಿದವರಿಗೆ ಔಷಧಿ ಇಲ್ಲದ ಮಾತ್ರೆ. ಅತಿ ರಕ್ತಸ್ರಾವ ಶೇ 12ರಿಂದ ಶೇ 6.4ಕ್ಕೆ ಇಳಿಯಿತು. ಒಂದು ಲೀಟರ್ ದಾಟುವಂಥ ಗಂಭೀರ ಸ್ರಾವ ಶೇ 1.2ರಿಂದ ಶೇ 0.2ಕ್ಕೆ ಬಂತು. 18 ಜನಕ್ಕೆ ಮಾತ್ರೆ ಕೊಟ್ಟರೆ ಒಬ್ಬರಿಗೆ ಅತಿಸ್ರಾವ ತಪ್ಪುತ್ತಿತ್ತು. 2006ರಲ್ಲಿ ಇದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಮಾತ್ರೆಯನ್ನು ಇದೇ ಬಳಕೆಗಾಗಿ ತನ್ನ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ಈ ಪ್ರಯೋಗಕ್ಕೆ ರಕ್ತವನ್ನು ಅಳೆಯಲೇಬೇಕಿತ್ತು. ಅದಕ್ಕೆ ತಂಡ ಒಂದು ಪ್ಲಾಸ್ಟಿಕ್ ಹಾಳೆ ಸಿದ್ಧಪಡಿಸಿತು. ಹೆರಿಗೆಯಾದ ಕೂಡಲೇ ತಾಯಿಯ ಸೊಂಟದ ಕೆಳಗೆ ಹಾಸುವುದು. ಹಾಳೆಯ ತುದಿ ಕೆಳಗೆ ಚೀಲದಂತೆ ಇಳಿಬಿದ್ದಿರುತ್ತದೆ, ಅದರ ಮೇಲೆ ಅಳತೆಯ ಗೆರೆಗಳು. ರಕ್ತ ಯಾವ ಗೆರೆಗೆ ಬಂತು ಎಂದು ಓದಿದರಾಯಿತು. ಇದಕ್ಕೂ ಮುಂಚೆ ಎಲ್ಲರೂ ಬಟ್ಟೆ ನೆನೆದದ್ದು ನೋಡಿ ಕಣ್ಣಂದಾಜು ಮಾಡುತ್ತಿದ್ದರು. ಹೋಲಿಸಿ ನೋಡಿದಾಗ ಕಣ್ಣಂದಾಜು ಹಾಳೆಯ ಅಳತೆಗಿಂತ ಶೇ 33ರಷ್ಟು ಕಡಿಮೆ ಹೇಳುತ್ತಿತ್ತು. ಅಂದರೆ ಅಪಾಯದ ಗೆರೆ ದಾಟಿದ ಮೇಲೂ ಪರವಾಗಿಲ್ಲ ಎಂದುಕೊಳ್ಳುತ್ತಿದ್ದರು. 2023ರಲ್ಲಿ ಆಫ್ರಿಕಾದ 4 ದೇಶಗಳ 80 ಆಸ್ಪತ್ರೆಗಳಲ್ಲಿ ಇಂಥದೇ ಅಳತೆ ಹಾಳೆ, ಅದರ ಜೊತೆ ಕೂಡಲೇ ಮಾಡಬೇಕಾದ ಚಿಕಿತ್ಸೆಗಳ ಒಂದು ಕಟ್ಟು, ಸ್ಥಳದಲ್ಲೇ ತರಬೇತಿ ಕೊಟ್ಟು ನೋಡಿದರು. ಗಂಭೀರ ಪರಿಣಾಮಗಳು ಶೇ 60ರಷ್ಟು ಇಳಿದವು.

ಇಲ್ಲಿ ಎಎನ್‌ಎಂಗಳನ್ನು ಯಾರೂ ಅರ್ಧ ಡಾಕ್ಟರು ಮಾಡಲಿಲ್ಲ. ಒಂದು ಕೆಲಸ ಕಲಿಸಿದರು, ಆ ಕೆಲಸಕ್ಕೆ ಬೇಕಾದ ಮಾತ್ರೆಯನ್ನು ಕೈಗಿಟ್ಟರು, ಕೊಡಲು ಅನುಮತಿಯನ್ನೂ ಕೊಟ್ಟರು. ಮುಂದೆ ಕೇಂದ್ರದ ಹೆರಿಗೆ ಮಾರ್ಗಸೂಚಿಗಳೂ ಇದೇ ದಾರಿ ಹಿಡಿದವು. ಫಿಟ್ಸ್ ಬಂದ ಗರ್ಭಿಣಿಗೆ ಮ್ಯಾಗ್ನೀಷಿಯಂ ಸಲ್ಫೇಟಿನ ಮೊದಲ ಡೋಸ್ ಕೊಟ್ಟು ಆಸ್ಪತ್ರೆಗೆ ಕಳಿಸಲು ತರಬೇತಿ ಪಡೆದ ಎಎನ್‌ಎಂಗೆ ಅವಕಾಶವಿದೆ. ಇದಕ್ಕೆ ಯಾವ ಮುಷ್ಕರವೂ ಆಗಲಿಲ್ಲ, ಗಮನಿಸಿ.

ಕಲಿಸಿದರೂ ಫಲ ಕಾಣದ್ದು

ಇನ್ನು ಸೋತ ಕಥೆಗಳು. ಕಲಿಯಲು ಇವುಗಳಲ್ಲೇ ಜಾಸ್ತಿ ಇದೆ.

ಹುಟ್ಟಿದ ಕೂಡಲೇ ಉಸಿರಾಡದ ಮಗುವಿಗೆ ಒಂದು ನಿಮಿಷದೊಳಗೆ ಬ್ಯಾಗ್ ಮತ್ತು ಮಾಸ್ಕ್‌ನಿಂದ ಗಾಳಿ ಕೊಡುವುದನ್ನು ಬೊಂಬೆಯ ಮೇಲೆ ಕಲಿಸುವ ತರಬೇತಿಯೊಂದಿದೆ. ಬೆಳಗಾವಿಯಲ್ಲಿ ಹೆರಿಗೆ ಮಾಡಿಸುವ 599 ಜನಕ್ಕೆ ಇದನ್ನು ಕೊಟ್ಟರು. 2013ರಲ್ಲಿ ಫಲಿತಾಂಶ ಬಂತು. ಹುಟ್ಟುವಾಗಲೇ ಸತ್ತಿವೆ ಎಂದು ದಾಖಲಾಗುವ ಮಕ್ಕಳ ಪ್ರಮಾಣ ಶೇ 3ರಿಂದ ಶೇ 2.3ಕ್ಕೆ ಇಳಿಯಿತು. ಸತ್ತಿದೆ ಎಂದು ಬದಿಗಿಡುತ್ತಿದ್ದ ಕೆಲವು ಮಕ್ಕಳಿಗೆ ಉಸಿರು ಬಂತು ಎಂದು ಇದನ್ನು ಓದಬಹುದು. ಆದರೆ ನವಜಾತ ಶಿಶುಗಳ ಸಾವಿನ ಪ್ರಮಾಣ ಇಳಿಯಲಿಲ್ಲ. ಮೊದಲ ನಿಮಿಷ ದಾಟಿದ ಮೇಲೂ ಆ ಮಗುವಿಗೆ ಬೆಚ್ಚಗಿನ ಜಾಗ, ಹಾಲು, ಸೋಂಕಿನ ಚಿಕಿತ್ಸೆ ಎಲ್ಲ ಬೇಕಲ್ವಾ?

2014ರಿಂದ 2016ರ ನಡುವೆ ಬೆಳಗಾವಿ, ಬಾಗಲಕೋಟೆಯ 12 ಪಿಎಚ್‌ಸಿ ವ್ಯಾಪ್ತಿಯಲ್ಲಿ ಇನ್ನೂ ದೊಡ್ಡ ಪ್ರಯೋಗ ನಡೆಯಿತು. ಅರ್ಧದಷ್ಟು ಪ್ರದೇಶಗಳಲ್ಲಿ ಆಶಾ, ಎಎನ್‌ಎಂಗಳ ಕೈಗೆ ಟ್ರಾಫಿಕ್ ಸಿಗ್ನಲ್ ಥರ ಬಣ್ಣ ತೋರಿಸುವ ಬಿಪಿ ಮಷಿನ್ ಕೊಟ್ಟರು, ಮೊಬೈಲ್ ಆ್ಯಪ್ ಕೊಟ್ಟರು. ಬಿಪಿ ಅಪಾಯದ ಮಟ್ಟದಲ್ಲಿದ್ದರೆ ಬಿಪಿ ಇಳಿಸುವ ಮಿಥೈಲ್‌ಡೋಪಾ ಮಾತ್ರೆ ಕೊಟ್ಟು ಆಸ್ಪತ್ರೆಗೆ ಕಳಿಸಬೇಕು. ಕಾರ್ಯಕರ್ತೆಯರು ಇದನ್ನೆಲ್ಲ ಕಲಿತರು, ಮಾಡಿಯೂ ತೋರಿಸಿದರು. 2020ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಮಾತ್ರ ತಾಯಿ, ಮಗುವಿನ ಸಾವು ಮತ್ತು ಗಂಭೀರ ತೊಂದರೆಗಳಲ್ಲಿ ಹೇಳಿಕೊಳ್ಳುವಂಥ ಇಳಿಕೆ ಕಾಣಲಿಲ್ಲ. ಊರಲ್ಲಿ ರೋಗ ಪತ್ತೆ ಹಚ್ಚಿದರೆ ಸಾಲದು, ಕಳಿಸಿಕೊಡುವ ಆಸ್ಪತ್ರೆಯನ್ನೂ ಜೊತೆಗೆ ಬಲಪಡಿಸಬೇಕು ಎಂಬ ಮಾತಿಗೆ ಸಂಶೋಧಕರು ಬಂದರು.

ಮೂರನೆಯದು ಎಚ್ಚರಿಕೆಯ ಗಂಟೆ. ದಿನ ತುಂಬುವ ಮೊದಲೇ ಹೆರಿಗೆಯಾಗುವ ಸೂಚನೆ ಇದ್ದರೆ ತಾಯಿಗೆ ಸ್ಟಿರಾಯ್ಡ್ ಇಂಜೆಕ್ಷನ್ ಕೊಡುವುದು ಒಳ್ಳೆಯ ಚಿಕಿತ್ಸೆ ಎಂದು ದೊಡ್ಡ ಆಸ್ಪತ್ರೆಗಳಲ್ಲಿ ಗೊತ್ತಿತ್ತು. ಅದನ್ನೇ ಹಳ್ಳಿ ಮಟ್ಟದ ಸಿಬ್ಬಂದಿಗೆ ಕಲಿಸಿದರೆ? 6 ದೇಶಗಳಲ್ಲಿ ನಡೆದ ಈ ಪ್ರಯೋಗದ ಒಂದು ಜಾಗ ಬೆಳಗಾವಿ. ದಿನ ಎಷ್ಟಾಗಿದೆ ಎಂದು ತಿಳಿಯಲು ಸ್ಕ್ಯಾನಿಂಗ್ ಇಲ್ಲದ ಕಡೆ ಹೊಟ್ಟೆಯ ಎತ್ತರವನ್ನು ಟೇಪಿನಿಂದ ಅಳೆಯುತ್ತಿದ್ದರು. 2015ರಲ್ಲಿ ಬಂದ ಫಲಿತಾಂಶ ಎಲ್ಲರನ್ನೂ ಬೆಚ್ಚಿಬೀಳಿಸಿತು. ಒಟ್ಟಾರೆ ನವಜಾತ ಶಿಶುಗಳ ಸಾವು ಸಾವಿರಕ್ಕೆ 3.5ರಷ್ಟು ಹೆಚ್ಚಿತ್ತು. ಅದೇ ಔಷಧಿಯನ್ನು ಸ್ಕ್ಯಾನಿಂಗ್ ಮತ್ತು ಮಕ್ಕಳ ಆರೈಕೆ ಇರುವ ಆಸ್ಪತ್ರೆಗಳಲ್ಲಿ ಭಾರತವೂ ಸೇರಿ 5 ದೇಶಗಳಲ್ಲಿ ಪರೀಕ್ಷಿಸಿದಾಗ, 2020ರಲ್ಲಿ, ಶಿಶು ಸಾವು ಇಳಿದದ್ದು ಕಂಡಿತು.

ಒಂದೇ ಔಷಧಿ, ಒಂದೇ ಪಾಠ, ಬೇರೆ ಜಾಗ. ಡಾಕ್ಟರುಗಳ ಆತಂಕಕ್ಕೂ ನರ್ಸ್‌ಗಳ ಆತ್ಮವಿಶ್ವಾಸಕ್ಕೂ ಇಲ್ಲಿ ಆಧಾರ ಇದೆ. ಯಾವುದಕ್ಕೆ ಎಷ್ಟು ಎಂಬುದು ಆಯಾ ಕೆಲಸದ ಮೇಲೆ ನಿಲ್ಲುತ್ತದೆ.

ಆ 150 ಗಂಟೆ ಸಿಗುವುದು ಎಲ್ಲಿ?

ಈಗ ಮತ್ತೆ ನಿಯಮಕ್ಕೆ ಬರೋಣ. ಕ್ರೆಡಿಟ್ ಗಂಟೆ, ಅಂದರೆ ಈ 150ರ ಲೆಕ್ಕಕ್ಕೆ ಸೇರುವ ಗಂಟೆ ಕೊಡುವ ಕಾರ್ಯಕ್ರಮಗಳು ಸಾಮಾನ್ಯವಾಗಿ ನಡೆಯುವುದು ನರ್ಸಿಂಗ್ ಕಾಲೇಜುಗಳಲ್ಲಿ, ದೊಡ್ಡ ಆಸ್ಪತ್ರೆಗಳ ಸಭಾಂಗಣಗಳಲ್ಲಿ. ಈ ಮೂರು ಜಿಲ್ಲೆಗಳಲ್ಲಿ ಕಾಲೇಜುಗಳಿಗೆ ಬರವಿಲ್ಲ. ಆದರೆ ಅವು ಇರುವುದು ಹೆಚ್ಚಾಗಿ ಜಿಲ್ಲಾ ಕೇಂದ್ರಗಳಲ್ಲಿ. ಅಥಣಿಯಿಂದ ಬೆಳಗಾವಿಗೆ ನೂರು ಕಿಲೋಮೀಟರ್‌ಗೂ ಜಾಸ್ತಿ. ಒಂದು ದಿನದ ಕಾರ್ಯಾಗಾರಕ್ಕೆ ರಜೆ ಬೇಕು, ಬಸ್ ಖರ್ಚು ಬೇಕು, ಶುಲ್ಕ ಬೇಕು. ಅವತ್ತು ಉಪಕೇಂದ್ರದ ಬಾಗಿಲಿಗೆ ಬೀಗ.

ಹಾಗಾಗಿ ಏನಾಗುತ್ತದೆ? ಭಾನುವಾರದ ಸಮ್ಮೇಳನ, ಉದ್ಘಾಟನೆ, ಸನ್ಮಾನ, ಪವರ್‌ಪಾಯಿಂಟ್, ಊಟ, ಪ್ರಮಾಣಪತ್ರ. ಇಲ್ಲವೇ ಮೊಬೈಲಿನಲ್ಲಿ ವೆಬಿನಾರ್ ಹಚ್ಚಿಟ್ಟು ಅಡುಗೆ. ನರ್ಸ್‌ಗಳನ್ನು ಬೈದು ಫಲವಿಲ್ಲ. ಗಂಟೆ ಎಣಿಸುವ ನಿಯಮ ಗಂಟೆಯನ್ನೇ ಹುಟ್ಟಿಸುತ್ತದೆ, ಕೈಚಳಕವನ್ನಲ್ಲ. ಬ್ಯಾಗ್-ಮಾಸ್ಕ್ ಹಿಡಿಯುವಂಥ ಕೌಶಲ ಬಳಸದಿದ್ದರೆ ಕೆಲವೇ ತಿಂಗಳಲ್ಲಿ ಮರೆತುಹೋಗುತ್ತದೆ. ವರ್ಷಕ್ಕೊಂದು ದೊಡ್ಡ ಶಿಬಿರಕ್ಕಿಂತ ಡ್ಯೂಟಿಯ ಜಾಗದಲ್ಲೇ ವಾರಕ್ಕೆ ಹತ್ತು ನಿಮಿಷ ಬೊಂಬೆ ಹಿಡಿದು ಅಭ್ಯಾಸ ಮಾಡುವುದು ಮೇಲು ಎಂದು ತರಬೇತಿ ತಜ್ಞರು ಹೇಳುತ್ತಲೇ ಇದ್ದಾರೆ. ಕ್ರೆಡಿಟ್ ಲೆಕ್ಕದಲ್ಲಿ ಆ ಹತ್ತು ನಿಮಿಷಕ್ಕೆ ಜಾಗವಿಲ್ಲ.

ಆನ್‌ಲೈನ್ ಪೂರ್ತಿ ದಂಡ ಎಂದೇನಲ್ಲ. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ 2003ರಲ್ಲಿ ಶುರುವಾದ ಎಕೊ ಮಾದರಿಯಲ್ಲಿ ಪಾಠ ಕಡಿಮೆ. ದೂರದೂರಿನವರು ತಮ್ಮ ಎದುರಿಗಿರುವ ರೋಗಿಯ ವಿವರವನ್ನು ವಿಡಿಯೊದಲ್ಲಿ ಇಡುತ್ತಾರೆ, ತಜ್ಞರು ಮತ್ತು ಉಳಿದವರು ಚರ್ಚಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಮಾನಸಿಕ ಆರೋಗ್ಯದಲ್ಲಿ ಇದನ್ನು ಬಳಸಿದೆ. ಇಂಡಿ ತಾಲ್ಲೂಕಿನ ಸಿಎಚ್‌ಒ ಒಬ್ಬರು ಇವತ್ತು ನೋಡಿದ ರೋಗಿಯ ಬಗ್ಗೆ ವಿಜಯಪುರದ ತಜ್ಞರನ್ನು ಕನ್ನಡದಲ್ಲಿ ಕೇಳುವ ಒಂದು ಗಂಟೆ, ಇಂಗ್ಲಿಷ್ ಸ್ಲೈಡುಗಳ ಐದು ಗಂಟೆಗಿಂತ ಉಪಯೋಗ.

ಮುಂದೆ ಏನಾಗಬಹುದು

150 ಗಂಟೆಯನ್ನು ಈಗಿರುವ ಹಾಗೇ ಬಿಗಿಯಾಗಿ ಜಾರಿ ಮಾಡಿದರೆ ಮೊದಲ ಪೆಟ್ಟು ಬೀಳುವುದು ದೂರದೂರಿನವರಿಗೆ. ನಗರದ ದೊಡ್ಡ ಆಸ್ಪತ್ರೆಯ ನರ್ಸ್‌ಗೆ ಕಟ್ಟಡದೊಳಗೇ ಕ್ರೆಡಿಟ್ ಸಿಗುತ್ತದೆ. ಭೀಮಗಡ ಕಾಡಿನ ಹಳ್ಳಿಗಳನ್ನು ನೋಡಿಕೊಳ್ಳುವವರಿಗೆ ಮಳೆಗಾಲದಲ್ಲಿ ರಸ್ತೆಯೇ ಸಿಗುವುದಿಲ್ಲ. ಹಾಗಾದಾಗ ಹಳ್ಳಿ ಕೆಲಸ ಬೇಡ ಅನ್ನಿಸಲು ಇನ್ನೊಂದು ಕಾರಣ ಸೇರಿತು. ಸಡಿಲ ಬಿಟ್ಟರೆ ಪ್ರಮಾಣಪತ್ರಗಳ ವ್ಯಾಪಾರ ಹೆಚ್ಚುತ್ತದೆ.

ನಡುವಿನ ದಾರಿಗೆ ಹೊಸ ಕಾನೂನೇನೂ ಬೇಕಾಗಿಲ್ಲ. ತಾಲ್ಲೂಕು ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ಮಾಡಿದ ಅಭ್ಯಾಸಕ್ಕೂ ಕ್ರೆಡಿಟ್ ಕೊಡಬಹುದು. ಮಾಸಿಕ ಸಭೆಗೆ ಪಿಎಚ್‌ಸಿಗೆ ಬರುವ ದಿನ ವರದಿ ತುಂಬಿಸುವುದರಲ್ಲೇ ಮುಗಿಯದೆ ಒಂದು ಗಂಟೆ ಬೊಂಬೆ, ಬಿಪಿ ಮಷಿನ್ನಿಗೆ ಹೋಗಬಹುದು. ಕಲಿಸಿದ ಪ್ರತಿ ಕೆಲಸಕ್ಕೂ ಲಿಖಿತ ಅನುಮತಿ ಮತ್ತು ಆ ಔಷಧಿಯ ದಾಸ್ತಾನು ಒಟ್ಟಿಗೇ ಹೊರಡಬೇಕು. ಮೂರರಲ್ಲಿ ಒಂದು ತಪ್ಪಿದರೂ ಉಳಿದೆರಡಕ್ಕೆ ಸುರಿದ ದುಡ್ಡು ನೀರಿಗೆ ಹೋಗುತ್ತದೆ.

ಸರ್ಕಾರಿ ನೌಕರರಿಗೆ ಇಷ್ಟಾದರೂ ಒಂದು ವ್ಯವಸ್ಥೆ ಇದೆ. ಗೋಕಾಕ, ಜಮಖಂಡಿ, ಸಿಂದಗಿಯಂಥ ಊರುಗಳ ಸಣ್ಣ ನರ್ಸಿಂಗ್ ಹೋಮ್‌ಗಳಲ್ಲಿ ದುಡಿಯುವವರಿಗೆ ಅದೂ ಇಲ್ಲ. ನವೀಕರಣದ ನಿಯಮ ಅವರಿಗೂ ಅಷ್ಟೇ ಅನ್ವಯಿಸುತ್ತದೆ, ರಜೆ ಕೊಡುವುದು ಮಾಲೀಕರ ಮರ್ಜಿ. ರಾಜ್ಯದ ಹೊಸ ಆಯೋಗ ನಿಯಮ ಬರೆಯುವಾಗ ತರಬೇತಿ ದಿನದ ಸಂಬಳ ಯಾರ ಲೆಕ್ಕಕ್ಕೆ ಎಂಬುದನ್ನು ಸ್ಪಷ್ಟಪಡಿಸದೆ ಬಿಟ್ಟರೆ, ಆ ಖರ್ಚು ಕೊನೆಗೆ ಬೀಳುವುದು ಇವರ ಜೇಬಿಗೇ.